ಸಹಿ ಹಾಕೋ ಮೊದಲು ಹೊರಬಾಗಿಲು ನೋಡಿ

ಹೊಸಹಳ್ಳಿ ಮೆಟ್ರೋ ಇಳಿದು ಐದು ನಿಮಿಷ ನಡೆದರೆ ನಮ್ಮ ಗುಂಪಿನ ಒಬ್ಬನ ಚಿಕ್ಕಪ್ಪನ ದಿನಸಿ ಅಂಗಡಿ ಸಿಗುತ್ತೆ. ಚಿಕ್ಕಪ್ಪ ಅವನೊಬ್ಬನಿಗೇ ಆದ್ರೂ ನಾವು ನಾಲ್ಕೂ ಜನ ಅವರನ್ನ ಹಾಗೇ ಕರೆಯೋದು. ಕಳೆದ ಸೆಮ್‌ನಲ್ಲಿ ಇಂಟರ್ನಲ್ಸ್ ಮುಗಿದ ಸಂಜೆ ಅಲ್ಲಿಗೆ ಹೋಗಿದ್ದು ಸುಮ್ಮನೆ, ಪಕ್ಕದ ಗಾಡಿಯಲ್ಲಿ ಬಜ್ಜಿ ತಿನ್ನೋಣ ಅಂತ. ತಿಂದು ಕೈ ಒರೆಸಿಕೊಳ್ತಾ ಇದ್ದಾಗ ಚಿಕ್ಕಪ್ಪ ಗಲ್ಲಾಪೆಟ್ಟಿಗೆ ಕೆಳಗಿಂದ ಒಂದು ಫೈಲ್ ತೆಗೆದು ಕೊಟ್ರು. "ನೀವೆಲ್ಲ ಕಂಪ್ಯೂಟರ್ ಓದ್ತಿರೋರು. ಇದರಲ್ಲಿ ಏನಿದೆ ಅಂತ ಸ್ವಲ್ಪ ನೋಡಿ ಹೇಳ್ರಪ್ಪಾ."

ಫೈಲಿನಲ್ಲಿ ಇದ್ದದ್ದು ಅವರ ಬಿಲ್ಲಿಂಗ್ ಸಾಫ್ಟ್‌ವೇರಿನ ಅಗ್ರಿಮೆಂಟ್. ಹದಿನಾಲ್ಕು ಪುಟ, ಸಣ್ಣ ಅಕ್ಷರ, ಪೂರ್ತಿ ಇಂಗ್ಲಿಷ್. ಎರಡು ವರ್ಷದ ಹಿಂದೆ ಸಹಿ ಹಾಕಿದ್ದು. ಭಾನುವಾರ ಸಂಜೆ ಅಂಗಡಿ ತುಂಬಿದಾಗಲೇ ಆ ಸಾಫ್ಟ್‌ವೇರ್ ನಿಂತುಹೋಗುತ್ತಂತೆ. ಸಪೋರ್ಟ್ ನಂಬರಿಗೆ ಫೋನ್ ಮಾಡಿದ್ರೆ ಸೋಮವಾರ ಎತ್ತುತ್ತಾರಂತೆ. ಸಾಕಪ್ಪಾ ಸಾಕು, ಬೇರೆಯದು ಹಾಕಿಸಿಕೊಳ್ತೀನಿ ಅಂತ ಚಿಕ್ಕಪ್ಪ ಕಂಪನಿಗೆ ಹೇಳಿದ್ದಾರೆ. ಆ ಕಡೆಯಿಂದ ಬಂದ ಉತ್ತರ: "ಸರ್, ನಿಮಗೆ ಇನ್ನೂ ಹತ್ತು ತಿಂಗಳು ಲಾಕ್-ಇನ್ ಇದೆ."

"ಮೂವತ್ತು ವರ್ಷದಿಂದ ದಿನಾ ರಾತ್ರಿ ಈ ಅಂಗಡಿಗೆ ಬೀಗ ಹಾಕ್ತಿರೋನು ನಾನು. ಈಗ ನನಗೇ ಯಾರೋ ಬೀಗ ಹಾಕಿದ್ದಾರೆ ನೋಡ್ರೋ," ಅಂದ್ರು. ನಾವು ನಕ್ಕೆವು. ಮೆಟ್ರೋದಲ್ಲಿ ವಾಪಸ್ ಬರ್ತಾ ಆ ಹದಿನಾಲ್ಕು ಪುಟ ಓದಿದ ಮೇಲೆ ನಗು ನಿಂತಿತು.

ಓದಿದೆವು ಅನ್ನೋದೂ ಪೂರ್ತಿ ನಿಜ ಅಲ್ಲ. ನಾವು ನಾಲ್ಕೂ ಜನ ಎಲ್‌ಕೆಜಿಯಿಂದ ಇಂಗ್ಲಿಷ್ ಮೀಡಿಯಂ. ಪದ ಎಲ್ಲಾ ಗೊತ್ತು, ವಾಕ್ಯ ಅರ್ಥ ಆಗಲಿಲ್ಲ. "ನಾಟ್‌ವಿತ್‌ಸ್ಟ್ಯಾಂಡಿಂಗ್" ಅಂತ ಶುರುವಾಗಿ ಒಂಬತ್ತು ಸಾಲು ಆದ್ಮೇಲೆ ಪೂರ್ಣವಿರಾಮ. ಆಗ ಒಬ್ಬಳು ಹೇಳಿದಳು, ಚಿಕ್ಕಪ್ಪನಿಗೆ ಹೇಗೂ ಕನ್ನಡದಲ್ಲೇ ಹೇಳಬೇಕಲ್ವಾ, ಒಂದೊಂದೇ ಕ್ಲಾಸ್ ಕನ್ನಡಕ್ಕೆ ಮಾಡ್ತಾ ಹೋಗೋಣ ಅಂತ. ಹಾಗೆ ಮಾಡಿದಾಗಲೇ ಅದರ ಬಣ್ಣ ಬಯಲಾಗಿದ್ದು. ಒಂಬತ್ತು ಸಾಲಿನ ವಾಕ್ಯ ಕನ್ನಡದಲ್ಲಿ ಇಷ್ಟಾಯ್ತು: "ನೀವು ಮಧ್ಯದಲ್ಲಿ ಬಿಟ್ಟರೆ ಉಳಿದ ಎಲ್ಲಾ ತಿಂಗಳ ದುಡ್ಡೂ ಕೊಡಬೇಕು. ನಾವು ಮಧ್ಯದಲ್ಲಿ ಬಿಟ್ಟರೆ 30 ದಿನ ಮುಂಚೆ ಮೇಲ್ ಮಾಡಿದರೆ ಸಾಕು."

ಉಳಿದವೂ ಹೀಗೇ ಇದ್ದವು. ಕರಾರು 36 ತಿಂಗಳದ್ದು. ಮುಗಿಯೋಕೆ 90 ದಿನ ಮುಂಚೆ "ಬೇಡ" ಅಂತ ಬರೆದು ಕೊಡದಿದ್ದರೆ ತಾನಾಗೇ ಇನ್ನೂ 12 ತಿಂಗಳು ಮುಂದುವರಿಯುತ್ತೆ. ದರ ಯಾವಾಗ ಬೇಕಾದ್ರೂ ಬದಲಾಯಿಸೋ ಹಕ್ಕು ಕಂಪನಿಗೆ. ಬಿಟ್ಟು ಹೋಗುವಾಗ ಅಂಗಡಿಯ ಡೇಟಾವನ್ನ "ಕಂಪನಿ ನಿರ್ಧರಿಸುವ ರೂಪದಲ್ಲಿ, ಆಗಿನ ಶುಲ್ಕ ಪಡೆದು" ಕೊಡಲಾಗುವುದು. ತಕರಾರು ಬಂದರೆ ಬೇರೆ ರಾಜ್ಯದ ಒಂದು ಊರಿನ ಕೋರ್ಟಿಗೆ ಹೋಗಬೇಕು.

"ಆ ಸೇಲ್ಸ್ ಹುಡುಗ ಎಷ್ಟು ಚೆನ್ನಾಗಿ ಮಾತಾಡ್ದ ಗೊತ್ತಾ? ನಮ್ಮ ಮಂಡ್ಯ ಕಡೆಯೋನೇ. ಅಂಕಲ್ ಏನೂ ಇಲ್ಲ, ಇಲ್ಲೊಂದು ಸೈನ್, ಅಲ್ಲೊಂದು ಸೈನ್ ಅಂದ," ಅಂತ ಚಿಕ್ಕಪ್ಪ ನೆನಪಿಸಿಕೊಂಡರು. ನಮ್ಮ ಕನ್ನಡ ಸಂಘದ ಪತ್ರಿಕೆಯಲ್ಲಿ ಈ ವಿಷಯ ಬರೀತಿರೋದಕ್ಕೆ ಇದೇ ಕಾರಣ. ಮಾರುವಾಗ ಕನ್ನಡ, ಕಟ್ಟಿಹಾಕುವಾಗ ಇಂಗ್ಲಿಷ್.

ಲಾಕ್-ಇನ್ ಎಲ್ಲಾ ತಪ್ಪಾ?

ಇಲ್ಲ. ಪಿಜಿಯಲ್ಲಿ ಇರೋ ನಮ್ಮ ಓದುಗರಿಗೆ ಇದನ್ನ ಬಿಡಿಸಿ ಹೇಳಬೇಕಾಗಿಲ್ಲ. ಮೂರು ತಿಂಗಳಾದ್ರೂ ಇರಬೇಕು ಅನ್ನೋದು, ಬಿಡೋಕೆ ಒಂದು ತಿಂಗಳು ಮುಂಚೆ ಹೇಳಬೇಕು ಅನ್ನೋದು ಒಪ್ಪೋ ಮಾತೇ. ಓನರಿಗೂ ರೂಮ್ ಖಾಲಿ ಬಿದ್ದರೆ ನಷ್ಟ. ಅದೇ ಓನರ್ "ಬಿಟ್ಟು ಹೋಗ್ತೀಯಾ? ಹೋಗು, ಆದ್ರೆ ನಿನ್ನ ಪುಸ್ತಕ, ಬಟ್ಟೆ ಎಲ್ಲಾ ನಂದು" ಅಂದರೆ? ಪಿಜಿಯಲ್ಲಿ ಯಾರೂ ಹಾಗೆ ಅನ್ನಲ್ಲ. ಸಾಫ್ಟ್‌ವೇರಿನಲ್ಲಿ ಸಲೀಸಾಗಿ ಅನ್ನುತ್ತಾರೆ, ನಾವು ಸಹಿಯನ್ನೂ ಹಾಕ್ತೀವಿ.

ಆದ್ದರಿಂದ ನ್ಯಾಯ ಯಾವುದು, ಅನ್ಯಾಯ ಯಾವುದು ಅಂತ ಒಂದು ಗೆರೆ ಎಳೆಯಬೇಕು. ಒಂದು ಲೆಕ್ಕ ನೋಡೋಣ. ಸಾಫ್ಟ್‌ವೇರಿನ ಮಾಮೂಲಿ ದರ ತಿಂಗಳಿಗೆ 1,500 ರೂಪಾಯಿ ಅಂತ ಇಟ್ಕೊಳ್ಳಿ. ಮೂರು ವರ್ಷ ಇರ್ತೀನಿ ಅಂದ್ರೆ 1,000. ಈ 500 ರೂಪಾಯಿ ರಿಯಾಯಿತಿಗೆ ಬದಲಾಗಿ ನಾವು ಮಾತು ಕೊಡ್ತೀವಿ. ಆರನೇ ತಿಂಗಳಲ್ಲಿ ಬಿಟ್ಟರೆ ಕಂಪನಿ "ಪಡೆದ ರಿಯಾಯಿತಿ ವಾಪಸ್ ಕೊಡಿ" ಅನ್ನಬಹುದು. ಆರು ತಿಂಗಳಿಗೆ 3,000 ರೂಪಾಯಿ. ಇದು ನ್ಯಾಯ. ಆದರೆ ಬಹಳ ಅಗ್ರಿಮೆಂಟು ಕೇಳೋದು ಉಳಿದ 30 ತಿಂಗಳಿನ ಪೂರ್ತಿ ದುಡ್ಡು, ಅಂದರೆ 30,000. ಕೊಡದೇ ಇರೋ ಸೇವೆಗೆ, ಬಳಸದೇ ಇರೋ ಸರ್ವರಿಗೆ, ಹತ್ತು ಪಟ್ಟು.

ಇದನ್ನ ಗ್ರಾಫ್ ಮೇಲೆ ಹಾಕಿದೆವು (ಸೆಕೆಂಡ್ ಇಯರ್ ಅಲ್ವಾ, ಎಲ್ಲದಕ್ಕೂ ಗ್ರಾಫ್). ವಾಪಸ್ ಕೊಡಬೇಕಾದ ರಿಯಾಯಿತಿಯ ಗೆರೆ ತಿಂಗಳು ತಿಂಗಳಿಗೂ ಏರುತ್ತೆ, ಉಳಿದ ಕಂತಿನ ಗೆರೆ ಇಳಿಯುತ್ತೆ. 24ನೇ ತಿಂಗಳಲ್ಲಿ ಎರಡೂ 12,000ಕ್ಕೆ ಸೇರುತ್ತವೆ. ಎರಡರಲ್ಲಿ ಯಾವುದು ಕಡಿಮೆಯೋ ಅಷ್ಟು ಕೊಡಬೇಕು ಅಂತ ಬರೆದರೆ ಎರಡೂ ಕಡೆಯವರಿಗೂ ಸಮಾಧಾನ. ಗ್ರಾಹಕ ಯಾವತ್ತೂ 12,000ಕ್ಕಿಂತ ಹೆಚ್ಚು ಕಳೆದುಕೊಳ್ಳಲ್ಲ, ಕಂಪನಿಗೂ ರಿಯಾಯಿತಿ ಕೊಟ್ಟು ಮೋಸ ಹೋದೆವು ಅನ್ನಿಸಲ್ಲ. ಒಂದು ಸಾಲಿನ ವಿಷಯ. ಆ ಒಂದು ಸಾಲು ಯಾಕೆ ಇರಲ್ಲ ಅಂದರೆ, ಯಾರೂ ಕೇಳಲ್ಲ.

ಚಿಕ್ಕಪ್ಪನಿಗೆ ಉಳಿದದ್ದು ಹತ್ತೇ ತಿಂಗಳು. ದುಡ್ಡು ಕಟ್ಟಿ ಹೊರಗೆ ಬರಬಹುದಿತ್ತು. ಅವರನ್ನ ನಿಜವಾಗಿ ಹಿಡಿದಿಟ್ಟಿದ್ದು ದುಡ್ಡಲ್ಲ, ಡೇಟಾ.

ಪಿಡಿಎಫ್ ಅನ್ನೋ ಗೋಡೆ

ಎರಡು ಸಾವಿರಕ್ಕೂ ಹೆಚ್ಚು ಐಟಂ. ಪ್ರತಿಯೊಂದಕ್ಕೂ ಹೆಸರು, ಬಾರ್‌ಕೋಡ್, ಎಂಆರ್‌ಪಿ, ತೆರಿಗೆ ದರ, ಸ್ಟಾಕ್. ಅದರ ಮೇಲೆ ತಿಂಗಳ ಲೆಕ್ಕ ಬರೆಸೋ ಮನೆಗಳ ಬಾಕಿ, ಹೋಲ್‌ಸೇಲ್ ವ್ಯಾಪಾರಿಗಳಿಗೆ ಕೊಡಬೇಕಾದ್ದು. ಬದಲಾಯಿಸೋದು ಆಮೇಲೆ, ಮೊದಲು ಡೇಟಾ ತೆಗೆದಿಟ್ಟುಕೊಳ್ಳೋಣ ಅಂತ ಕಂಪನಿಗೆ ಮೇಲ್ ಹಾಕಿಸಿದೆವು. ಎರಡು ವಾರ, ನಾಲ್ಕು ಫೋನ್ ಆದ ಮೇಲೆ ಬಂತು. ಪಿಡಿಎಫ್!

ನಮಗೆ ಆವತ್ತು ಎಷ್ಟು ಧೈರ್ಯ ಅಂದರೆ, "ಪೈಥಾನ್‌ನಲ್ಲಿ ಅರ್ಧ ಗಂಟೆ ಕೆಲಸ ಚಿಕ್ಕಪ್ಪ" ಅಂದುಬಿಟ್ಟೆವು. ಪುಟಕ್ಕೊಂದು ಥರ ಕಾಲಂ ಮುರಿದುಕೊಂಡಿತ್ತು. ಉದ್ದದ ಹೆಸರುಗಳು ಪಕ್ಕದ ಬೆಲೆಯ ಮೇಲೆ ಹತ್ತಿ ಕೂತಿದ್ದವು. 890ರಿಂದ ಶುರುವಾಗೋ ಹದಿಮೂರು ಅಂಕಿಯ ಬಾರ್‌ಕೋಡುಗಳನ್ನ ಎಕ್ಸೆಲ್‌ಗೆ ಹಾಕಿದರೆ ಅದು ದಶಮಾಂಶದ ಘಾತಾಂಕ ಮಾಡಿ ತೋರಿಸಿತು. ಕನ್ನಡದ ಹೆಸರುಗಳ ಗತಿಯಂತೂ ಕೇಳಬೇಡಿ. ಪಿಡಿಎಫ್ ಮುಖ್ಯವಾಗಿ ಇಟ್ಟುಕೊಳ್ಳೋದು ಅಕ್ಷರದ ಆಕಾರ. ಆ ಆಕಾರದ ಹಿಂದೆ ಯಾವ ಅಕ್ಷರ ಇದೆ ಅಂತ ಸರಿಯಾಗಿ ಬರೆದಿಡದಿದ್ದರೆ ಒತ್ತಕ್ಷರ ಒಂದು ಕಡೆ, ಗುಣಿತ ಇನ್ನೊಂದು ಕಡೆ ಬಿದ್ದಿರುತ್ತೆ. ಕೊನೆಗೆ ಎರಡು ಭಾನುವಾರ ನಾವು ನಾಲ್ಕು ಜನ ಅಂಗಡಿಯ ಹಿಂದಿನ ಗೋಡೌನಿನಲ್ಲಿ, ಅಕ್ಕಿ ಮೂಟೆ ಮೇಲೆ ಲ್ಯಾಪ್‌ಟಾಪ್ ಇಟ್ಟುಕೊಂಡು ಕೈಯಲ್ಲೇ ಟೈಪ್ ಮಾಡಿದೆವು. ತೊಗರಿಬೇಳೆ, ಕಡ್ಲೆಬೇಳೆ, ಹೆಸರುಬೇಳೆ... ಕೂತು ಕೂತು ಸೊಂಟ ಬಿದ್ದುಹೋಯ್ತು.

ಇದು ಬರೀ ಅನುಕೂಲದ ಪ್ರಶ್ನೆ ಅಲ್ಲ. ಜಿಎಸ್‌ಟಿ ಕಾನೂನಿನ 36ನೇ ಸೆಕ್ಷನ್ ಪ್ರಕಾರ ನೋಂದಾಯಿತ ವ್ಯಾಪಾರಿ ತನ್ನ ಲೆಕ್ಕಪತ್ರವನ್ನ ಆ ವರ್ಷದ ವಾರ್ಷಿಕ ರಿಟರ್ನ್ ಸಲ್ಲಿಸೋ ಕೊನೆ ದಿನದಿಂದ 72 ತಿಂಗಳು ಇಟ್ಟುಕೊಂಡಿರಬೇಕು. ಆರು ವರ್ಷ! ಸಾಫ್ಟ್‌ವೇರ್ ಕರಾರು ಮೂರು ವರ್ಷಕ್ಕೆ ಮುಗಿದು, ಮರುದಿನವೇ ಲಾಗಿನ್ ಬಂದ್ ಆದ್ರೆ? ಇಲಾಖೆಯವರು ಕೇಳೋದು ಅಂಗಡಿಯವರನ್ನ, ಸಾಫ್ಟ್‌ವೇರ್ ಕಂಪನಿಯನ್ನ ಅಲ್ಲ. 2025ರ ಜುಲೈ ನೆನಪಿದೆಯಲ್ಲ? ಯುಪಿಐ ವಹಿವಾಟು ನೋಡಿ ವಾಣಿಜ್ಯ ತೆರಿಗೆ ಇಲಾಖೆ ಸಣ್ಣ ವ್ಯಾಪಾರಿಗಳಿಗೆ ನೋಟಿಸ್ ಕಳಿಸಿದಾಗ ಬೆಂಗಳೂರಿನ ಎಷ್ಟೋ ಅಂಗಡಿಗಳಲ್ಲಿ ಕ್ಯೂಆರ್ ಕೋಡ್ ಕಿತ್ತು "ಕ್ಯಾಶ್ ಮಾತ್ರ" ಅಂತ ಬೋರ್ಡ್ ಹಾಕಿದ್ದರು. ಕೆಲವು ವರ್ಷ ಹಿಂದಿನ ಲೆಕ್ಕವನ್ನೆಲ್ಲಾ ಹುಡುಕೋ ಪರಿಸ್ಥಿತಿ ಅದು. ಹಾಲು, ತರಕಾರಿಯಂಥ ತೆರಿಗೆ ಇಲ್ಲದ ಮಾಲು ಎಷ್ಟು ಮಾರಿದೆ, ತೆರಿಗೆ ಇರೋದು ಎಷ್ಟು ಅಂತ ತೋರಿಸೋಕೆ ಬಿಲ್ ಬೇಕು. ಆ ಬಿಲ್ ಬೇರೆಯವರ ಸರ್ವರಿನಲ್ಲಿ ಬೀಗ ಹಾಕಿಕೊಂಡು ಕೂತಿದ್ದರೆ ವ್ಯಾಪಾರಿ ಏನು ತೋರಿಸಬೇಕು?

ಅದಾದ ಮೇಲೆ ನಮ್ಮ ಚಿಕ್ಕಪ್ಪನ ಬೀದಿಗೆ ಬಿಲ್ಲಿಂಗ್ ಸಾಫ್ಟ್‌ವೇರ್ ಮಾರೋರು ಬರೋದೂ ಜಾಸ್ತಿ ಆಯ್ತಂತೆ. ಹೆದರಿದ ಮನುಷ್ಯ ಹದಿನಾಲ್ಕು ಪುಟ ಓದಲ್ಲ.

ಕನ್ನಡಕ್ಕೆ ಇದು ಹೊಸದೇನಲ್ಲ

ಡೇಟಾ ಒಬ್ಬರ ಸಾಫ್ಟ್‌ವೇರಿನಲ್ಲಿ ಸಿಕ್ಕಿಹಾಕಿಕೊಳ್ಳೋದು ಅಂದ್ರೆ ಏನು ಅಂತ ಕನ್ನಡಿಗರಿಗೆ ಗೊತ್ತು. ಯೂನಿಕೋಡ್ ಬಳಕೆಗೆ ಬರೋ ಮೊದಲು ಕನ್ನಡದ ಒಂದೊಂದು ತಂತ್ರಾಂಶಕ್ಕೂ ಒಂದೊಂದು ಫಾಂಟ್, ಒಂದೊಂದು ಸಂಕೇತ. ಒಂದರಲ್ಲಿ ಟೈಪ್ ಮಾಡಿದ್ದನ್ನ ಇನ್ನೊಂದರಲ್ಲಿ ತೆರೆದರೆ ತಲೆ ಮೇಲೆ ಟೋಪಿ, ಬಾಲ, ಚುಕ್ಕಿ ಇಟ್ಟುಕೊಂಡ ಇಂಗ್ಲಿಷ್ ಅಕ್ಷರಗಳ ಮೆರವಣಿಗೆ. ಡಿಟಿಪಿ ಅಂಗಡಿ ಬದಲಾಯಿಸಿದರೆ ಪುಸ್ತಕವನ್ನೇ ಮತ್ತೆ ಟೈಪ್ ಮಾಡಿಸೋ ಕಾಲ. ಕನ್ನಡ ಗಣಕ ಪರಿಷತ್ತು ಎಲ್ಲರಿಗೂ ಒಂದೇ ಸಂಕೇತ ಇರಲಿ ಅಂತ ಕೆಲಸ ಮಾಡಿತು, ಸರ್ಕಾರದ ಬೆಂಬಲದಲ್ಲಿ ನುಡಿ ಬಂತು. ಪೂರ್ಣಚಂದ್ರ ತೇಜಸ್ವಿಯವರಂಥ ಲೇಖಕರೂ ಕನ್ನಡ ತಂತ್ರಾಂಶದ ವಿಷಯಕ್ಕೆ ತಲೆಕೆಡಿಸಿಕೊಂಡರು. ಯೂನಿಕೋಡಿನ ಮೊದಲ ಆವೃತ್ತಿ ಬಂದ 1991ರಲ್ಲೇ ಅದರಲ್ಲಿ ಕನ್ನಡಕ್ಕೆ ಜಾಗ ಇತ್ತು. ಆದರೆ ಅದು ನಮ್ಮ ಕಚೇರಿ, ಪ್ರೆಸ್ಸು, ಫೋನುಗಳಿಗೆ ಇಳಿದು ಬರೋಕೆ ಎಷ್ಟೋ ವರ್ಷ ಹಿಡೀತು. ಹಳೇ ಫಾಂಟಿನಲ್ಲಿರೋ ಬರಹವನ್ನ ಯೂನಿಕೋಡಿಗೆ ತರೋ ಪರಿವರ್ತಕಗಳನ್ನ ಆಮೇಲೆ ಸ್ವಯಂಸೇವಕರು ಕೂತು ಬರೆದರು. ನೀವು ಈ ಲೇಖನವನ್ನ ಯಾವ ಫೋನಿನಲ್ಲಿ ಬೇಕಾದ್ರೂ ಓದೋಕೆ ಆಗ್ತಿರೋದು ಅಕ್ಷರದ ಸಂಕೇತ ಯಾವ ಕಂಪನಿಯ ಸ್ವತ್ತೂ ಅಲ್ಲ ಅನ್ನೋ ಕಾರಣಕ್ಕೆ. ಆಗ ಅಕ್ಷರಕ್ಕೆ ಬೇಕಾಗಿದ್ದದ್ದು ಈಗ ಅಂಗಡಿಯ ಲೆಕ್ಕಕ್ಕೆ ಬೇಕು.

ಕಾನೂನು ಕಾಪಾಡಲ್ವಾ?

ನಾವೂ ಮೊದಲು ಹಾಗೇ ಅಂದುಕೊಂಡೆವು. ಲಾ ಓದುತ್ತಿರೋ ಒಬ್ಬ ಅಕ್ಕನನ್ನ ಕೇಳಿ, ನಾವೂ ಒಂದಿಷ್ಟು ಓದಿ ತಿಳಿದುಕೊಂಡದ್ದು ಇಷ್ಟು.

1872ರ ಭಾರತೀಯ ಕರಾರು ಅಧಿನಿಯಮದ 74ನೇ ಸೆಕ್ಷನ್ ನಮ್ಮ ಪರವಾಗಿ ಸ್ವಲ್ಪ ಮಾತಾಡುತ್ತೆ. ಕರಾರು ಮುರಿದರೆ ಇಷ್ಟು ಕೊಡಬೇಕು ಅಂತ ಬರೆದಿದ್ದರೂ ಕೋರ್ಟು ಕೊಡಿಸೋದು ಆ ಮೊತ್ತದೊಳಗಿನ ಸಮಂಜಸ ಪರಿಹಾರ ಮಾತ್ರ. ನಷ್ಟವನ್ನ ತೋರಿಸೋಕೆ ಸಾಧ್ಯ ಇರೋ ಕಡೆ ತೋರಿಸಲೇಬೇಕು ಅಂತ ಸುಪ್ರೀಂ ಕೋರ್ಟು 2015ರಲ್ಲಿ ಹೇಳಿದೆ. ಅಂದರೆ ಉಳಿದ 30 ತಿಂಗಳ ದುಡ್ಡು ಕೊಡಿ ಅಂತ ಕಂಪನಿ ಕೇಳಿದ ತಕ್ಷಣ ಅಷ್ಟೂ ಕೊಡಲೇಬೇಕು ಅಂತ ಇಲ್ಲ. ಮಾತಾಡೋವಾಗ ಈ ಸೆಕ್ಷನ್ ನಂಬರ್ ಗೊತ್ತಿದ್ದರೆ ಒಳ್ಳೇದು.

ಉಳಿದ ದಾರಿಗಳು ಕಿರಿದು. 1986ರಲ್ಲಿ ಸುಪ್ರೀಂ ಕೋರ್ಟು ಬಲಾಬಲ ಸಮ ಇಲ್ಲದವರ ನಡುವಿನ ಅನ್ಯಾಯದ ಷರತ್ತನ್ನ ಒಪ್ಪಲ್ಲ ಅಂತ ದೊಡ್ಡ ಮಾತು ಹೇಳಿತು. ಅದೇ ತೀರ್ಪಿನಲ್ಲಿ, ಎರಡೂ ಕಡೆಯವರು ವ್ಯಾಪಾರಸ್ಥರಾಗಿದ್ದು ವ್ಯವಹಾರ ವಾಣಿಜ್ಯದ್ದಾಗಿದ್ದರೆ ಈ ತತ್ವ ಅನ್ವಯಿಸದೇ ಇರಬಹುದು ಅಂತಲೂ ಇದೆ. ಹೊಸಹಳ್ಳಿಯ ದಿನಸಿ ಅಂಗಡಿಯೂ ವ್ಯಾಪಾರವೇ, ನೂರಾರು ಕೋಟಿಯ ಸಾಫ್ಟ್‌ವೇರ್ ಕಂಪನಿಯೂ ವ್ಯಾಪಾರವೇ. 2019ರ ಗ್ರಾಹಕ ರಕ್ಷಣಾ ಕಾಯ್ದೆಯಲ್ಲಿ "ಅನ್ಯಾಯದ ಕರಾರು" ಅಂದರೆ ಏನು ಅಂತ ಚೆನ್ನಾಗಿ ಬರೆದಿದ್ದಾರೆ. ನಷ್ಟಕ್ಕೆ ಹೊಂದದ ದಂಡ, ಒಬ್ಬರೇ ಕಾರಣ ಇಲ್ಲದೆ ಕರಾರು ಮುರಿಯೋ ಹಕ್ಕು, ಇವೆಲ್ಲ ಪಟ್ಟಿಯಲ್ಲಿವೆ. ಓದುವಾಗ ಚಿಕ್ಕಪ್ಪನ ಅಗ್ರಿಮೆಂಟನ್ನ ನೋಡಿಯೇ ಬರೆದಂತಿದೆ. ಆದರೆ ವಾಣಿಜ್ಯ ಉದ್ದೇಶಕ್ಕೆ ಕೊಂಡವರು ಆ ಕಾಯ್ದೆಯಲ್ಲಿ ಗ್ರಾಹಕರೇ ಅಲ್ಲ. ಸ್ವಂತ ದುಡಿಮೆಯಿಂದ ಹೊಟ್ಟೆ ಹೊರೆಯೋರಿಗೆ ಒಂದು ಸಣ್ಣ ವಿನಾಯಿತಿ ಇದೆ, ಅದನ್ನ ವಾದ ಮಾಡಿ ಗೆಲ್ಲಬೇಕು. ಈ ತೂತು ಮುಚ್ಚೋಕೆ ಅನ್ಯಾಯದ ಷರತ್ತುಗಳ ಬಗ್ಗೆಯೇ ಒಂದು ಕಾನೂನು ಬೇಕು ಅಂತ ಕಾನೂನು ಆಯೋಗ 2006ರಲ್ಲೇ ತನ್ನ 199ನೇ ವರದಿಯಲ್ಲಿ ಕರಡು ಸಮೇತ ಬರೆದು ಕೊಟ್ಟಿತ್ತು. ನಾವು ಆಗಷ್ಟೇ ಹುಟ್ಟಿದ್ದೆವು. ನಾವು ಸೆಕೆಂಡ್ ಇಯರ್‌ಗೆ ಬಂದೆವು, ಆ ಕರಡು ಇನ್ನೂ ಕಾನೂನಾಗಿಲ್ಲ.

ಪ್ಲೇಸ್‌ಮೆಂಟ್ ಬಾಂಡಿನ ಬಗ್ಗೆ ಯೋಚಿಸ್ತಿರೋ ಸೀನಿಯರ್‌ಗಳಿಗೆ ಇನ್ನೊಂದು ಮಾತು. ಮೂರು ವರ್ಷದೊಳಗೆ ಕೆಲಸ ಬಿಟ್ಟರೆ 2 ಲಕ್ಷ ಕೊಡಬೇಕು ಅನ್ನೋ ವಿಜಯಾ ಬ್ಯಾಂಕಿನ ಷರತ್ತಿನ ಕೇಸಿನಲ್ಲಿ ನಮ್ಮ ಹೈಕೋರ್ಟು ನೌಕರರ ಪರ ಇತ್ತು. 2025ರ ಮೇನಲ್ಲಿ ಸುಪ್ರೀಂ ಕೋರ್ಟು ಅದನ್ನ ತಿರುಗಿಸಿ ಷರತ್ತನ್ನ ಎತ್ತಿಹಿಡಿಯಿತು. ಹೊಸಬರನ್ನ ನೇಮಿಸೋಕೆ ಬ್ಯಾಂಕಿಗೆ ಖರ್ಚಿದೆ, ಸಂಬಳಕ್ಕೆ ಹೋಲಿಸಿದರೆ ಮೊತ್ತ ಅತಿಯಲ್ಲ ಅಂತ. ಸಹಿ ಮಾಡಿಬಿಡೋಣ, ಆಮೇಲೆ ಕೋರ್ಟು ಬಿಡಿಸುತ್ತೆ ಅಂತ ಕೂರೋ ಹಾಗಿಲ್ಲ. ಬಿಡಿಸಿಕೊಳ್ಳೋ ಹೊತ್ತು ಸಹಿಗೆ ಮೊದಲು.

ಬಾಗಿಲು ತೆಗೆಯೋಕೆ ಆಗುತ್ತೆ

"ಸಾಫ್ಟ್‌ವೇರ್ ಅಂದ್ರೆ ಹಾಗೇ ಕಣೋ, ಬದಲಾಯಿಸೋದು ಕಷ್ಟ" ಅನ್ನೋರಿಗೆ ನಮ್ಮ ಹತ್ತಿರ ಒಂದು ಉದಾಹರಣೆ ಇದೆ, ಅದು ನಿಮ್ಮ ಜೇಬಿನಲ್ಲೇ ಇದೆ. ಒಂದು ಕಾಲದಲ್ಲಿ ಸಿಮ್ ಕಂಪನಿ ಬದಲಾಯಿಸಿದರೆ ನಂಬರ್ ಹೋಗುತ್ತಿತ್ತು. ನೆಂಟರು, ಗಿರಾಕಿಗಳು, ಬ್ಯಾಂಕು ಎಲ್ಲರಿಗೂ ಹೊಸ ನಂಬರ್ ಹೇಳಬೇಕಲ್ಲ ಅಂತ ಜನ ನೆಟ್‌ವರ್ಕ್ ಸಿಗದಿದ್ದರೂ ಸಹಿಸಿಕೊಂಡಿದ್ದರು. 2011ರ ಜನವರಿ 20ರಂದು ದೇಶಾದ್ಯಂತ ನಂಬರ್ ಪೋರ್ಟಬಿಲಿಟಿ ಬಂತು. ಆಗ ನಮಗೆ ನಾಲ್ಕೋ ಐದೋ ವರ್ಷ. 1900ಕ್ಕೆ ಒಂದು ಮೆಸೇಜ್ ಕಳಿಸಿದರೆ ಕಂಪನಿ ಬದಲು, ನಂಬರ್ ಅದೇ. ಅಲ್ಲೂ ಲಾಕ್-ಇನ್ ಇದೆ ನೋಡಿ: ಒಂದು ಕಂಪನಿಯಲ್ಲಿ 90 ದಿನ ಇರಲೇಬೇಕು. 90 ದಿನಕ್ಕೆ ಯಾರೂ ಗೊಣಗಲ್ಲ. ಅದಾದ್ಮೇಲೆ ಬಾಗಿಲು ತೆರೆದಿದೆ ಅಂತ ಗೊತ್ತಿದೆ.

ಯುರೋಪಿನವರು ಇದನ್ನೇ ಕ್ಲೌಡ್ ಸಾಫ್ಟ್‌ವೇರಿಗೆ ತಂದಿದ್ದಾರೆ. ಅಲ್ಲಿನ ಡೇಟಾ ಕಾಯ್ದೆ 2025ರ ಸೆಪ್ಟೆಂಬರ್ 12ರಿಂದ ಅನ್ವಯ ಆಗ್ತಿದೆ. ಬೇರೆ ಕಡೆ ಹೋಗ್ತೀನಿ ಅನ್ನೋ ಗ್ರಾಹಕನಿಂದ ಎರಡು ತಿಂಗಳಿಗಿಂತ ಹೆಚ್ಚಿನ ನೋಟಿಸ್ ಕೇಳೋ ಹಾಗಿಲ್ಲ. ಕಂಪನಿ ಬದಲಾಯಿಸೋದಕ್ಕೆ ಅಂತ ಹಾಕೋ ಶುಲ್ಕ 2027ರ ಜನವರಿ 12ರಿಂದ ಪೂರ್ತಿ ರದ್ದು. ನಮ್ಮಲ್ಲಿ 2019ರ ದತ್ತಾಂಶ ರಕ್ಷಣಾ ಮಸೂದೆಯಲ್ಲಿ ಡೇಟಾ ಹೊತ್ತೊಯ್ಯೋ ಹಕ್ಕು ಅಂತ ಒಂದಿತ್ತು. ಅದು ಜನರ ವೈಯಕ್ತಿಕ ಡೇಟಾಕ್ಕೆ ಮಾತ್ರ, ಆದ್ರೂ ಒಂದು ಆರಂಭ ಆಗ್ತಿತ್ತು. 2023ರ ಕಾಯ್ದೆ ಆಗೋ ಹೊತ್ತಿಗೆ ಅದನ್ನ ಕೈಬಿಟ್ಟರು.

ಈಗ ನಮ್ಮ ತಪ್ಪೊಪ್ಪಿಗೆ

ಕಳೆದ ವರ್ಷ ಇ-ಸೆಲ್ ಸ್ಪರ್ಧೆಗೆ ನಾವು ನಾಲ್ಕೂ ಜನ ಒಂದು ಐಡಿಯಾ ಕೊಟ್ಟಿದ್ದೆವು. ಸಣ್ಣ ಅಂಗಡಿಗಳಿಗೆ ಸ್ಟಾಕ್ ನೋಡಿಕೊಳ್ಳೋ ಆ್ಯಪ್. ಏಳನೇ ಸ್ಲೈಡಿನಲ್ಲಿ ನಮ್ಮ ಬಲ ಏನು ಅಂತ ಬರೆಯೋ ಕಡೆ ದಪ್ಪ ಅಕ್ಷರದಲ್ಲಿ ಹಾಕಿದ್ದೆವು: "ಹೈ ಸ್ವಿಚಿಂಗ್ ಕಾಸ್ಟ್". ಒಂದು ಸಲ ಡೇಟಾ ನಮ್ಮ ಹತ್ತಿರ ಬಂದರೆ ಅಂಗಡಿಯವರು ಬಿಟ್ಟು ಹೋಗೋದು ಕಷ್ಟ, ಅದೇ ನಮ್ಮ ಕೋಟೆ ಅಂತ ವಿವರಿಸಿದೆವು. ಜಡ್ಜುಗಳು ತಲೆಯಾಡಿಸಿದರು. ಚಪ್ಪಾಳೆಯೂ ಬಿತ್ತು. ಗೋಡೌನಿನಲ್ಲಿ ಅಕ್ಕಿ ಮೂಟೆ ಪಕ್ಕ ಕೂತು ಆರುನೂರನೇ ಬಾರ್‌ಕೋಡ್ ಟೈಪ್ ಮಾಡುವಾಗ ನಮ್ಮಲ್ಲಿ ಒಬ್ಬ ಕೇಳಿದ: "ಮಗಾ, ನಮ್ಮ ಏಳನೇ ಸ್ಲೈಡ್ ಅಂದ್ರೆ ಇದೇ ಅಲ್ವೇನೋ?" ಯಾರೂ ಉತ್ತರ ಕೊಡಲಿಲ್ಲ.

ಹಾಗಂತ ಸಾಫ್ಟ್‌ವೇರ್ ಮಾಡೋರೆಲ್ಲ ಕಳ್ಳರು ಅಂತಲ್ಲ. ಸ್ಟಾರ್ಟಪ್ ನಡೆಸ್ತಿರೋ ನಮ್ಮ ಒಬ್ಬ ಸೀನಿಯರ್ ಹತ್ತಿರ ಈ ಲೇಖನದ ಬಗ್ಗೆ ಮಾತಾಡಿದಾಗ ಅವರು ಹೇಳಿದ್ದರಲ್ಲೂ ಹುರುಳಿದೆ. ಒಬ್ಬ ಗಿರಾಕಿಯನ್ನ ಹುಡುಕೋಕೆ, ಅವರ ಅಂಗಡಿಗೆ ಹೋಗಿ ಕಲಿಸಿಕೊಡೋಕೆ ಖರ್ಚಾಗುತ್ತೆ. ಎರಡೇ ತಿಂಗಳಿಗೆ ಬಿಟ್ಟರೆ ಆ ಖರ್ಚು ಮಣ್ಣುಪಾಲು. ಸರಿ. ಆ ಖರ್ಚನ್ನ ಶುರುವಿನಲ್ಲೇ ಬೇರೆ ಬಿಲ್ ಮಾಡಿ, ಇಲ್ಲಾ ಬೇಗ ಬಿಟ್ಟರೆ ಇಷ್ಟು ಕೊಡಿ ಅಂತ ನೇರ ಬರೆಯಿರಿ. ಅಂಗಡಿಯವರ ಲೆಕ್ಕವನ್ನ ಒತ್ತೆ ಇಟ್ಟುಕೊಳ್ಳೋದು ಯಾಕೆ? ಒಳ್ಳೇ ಸಾಫ್ಟ್‌ವೇರ್ ಆದ್ರೆ ಬಾಗಿಲು ತೆರೆದಿದ್ದರೂ ಜನ ಇರ್ತಾರೆ.

ಏನು ಕೇಳಬೇಕು

ನಿಮ್ಮ ಮನೆಯಲ್ಲಿ, ನೆಂಟರಲ್ಲಿ ಅಂಗಡಿ, ಕ್ಲಿನಿಕ್, ಟ್ಯೂಷನ್ ಸೆಂಟರ್, ಗಾರ್ಮೆಂಟ್ಸ್ ಏನೇ ಇದ್ದರೂ ಸಾಫ್ಟ್‌ವೇರ್ ಕೊಳ್ಳೋ ಮೊದಲು ಇಷ್ಟು ಕೇಳಿಸಿ.

1. ಎಷ್ಟು ತಿಂಗಳು? ತಾನಾಗೇ ಮುಂದುವರಿಯುತ್ತಾ? ಮುಂದುವರಿಯೋದಾದ್ರೆ ಬೇಡ ಅನ್ನೋ ಕೊನೆ ದಿನ ಯಾವುದು? ಆ ದಿನವನ್ನ ಸಹಿ ಹಾಕಿದ ದಿನವೇ ಗೋಡೆ ಕ್ಯಾಲೆಂಡರಿನಲ್ಲಿ, ಫೋನಿನಲ್ಲಿ ಗುರುತು ಹಾಕಿ.

2. ಮಧ್ಯದಲ್ಲಿ ಬಿಟ್ಟರೆ ಎಷ್ಟು? ಪಡೆದ ರಿಯಾಯಿತಿ, ಉಳಿದ ಕಂತು, ಎರಡರಲ್ಲಿ ಕಡಿಮೆಯದು ಅಂತ ಬರೆಸಿ. ಸಾಫ್ಟ್‌ವೇರ್ ಪದೇ ಪದೇ ಕೈಕೊಟ್ಟರೆ, ದರ ಏರಿಸಿದರೆ, ಏನೂ ಕೊಡದೆ ಬಿಡಬಹುದು ಅಂತಲೂ ಸೇರಿಸಿ.

3. ಡೇಟಾ ಯಾವ ರೂಪದಲ್ಲಿ? ಸಿಎಸ್‌ವಿ ಅಥವಾ ಎಕ್ಸೆಲ್, ಕನ್ನಡ ಇದ್ದರೆ ಯೂನಿಕೋಡ್, ಶುಲ್ಕ ಇಲ್ಲದೆ. ಕರಾರು ಮುಗಿದ ಮೇಲೂ ಕಡೇಪಕ್ಷ 30 ದಿನ ಲಾಗಿನ್ ಇರಬೇಕು.

4. ಅವರಿಗೆ ಎಷ್ಟು ದಿನದ ನೋಟಿಸ್ಸೋ ನಮಗೂ ಅಷ್ಟೇನಾ? ತಕರಾರು ಬೆಂಗಳೂರಿನಲ್ಲೇ ಬಗೆಹರಿಸಬಹುದಾ?

ನಾಲ್ಕರಲ್ಲಿ ಮೂರನೇದನ್ನ ಬಾಯಿ ಮಾತಿಗೆ ಬಿಡಬೇಡಿ. ಟ್ರಯಲ್ ಇರೋವಾಗಲೇ ಹತ್ತು ಐಟಂ ಹಾಕಿ, ಎಕ್ಸ್‌ಪೋರ್ಟ್ ಒತ್ತಿ, ಬಂದ ಫೈಲನ್ನ ಬೇರೆ ಕಡೆ ತೆರೆದು ನೋಡಿ. ಹತ್ತು ನಿಮಿಷದ ಕೆಲಸ. ನಮ್ಮ ಎರಡು ಭಾನುವಾರ ಉಳೀತಿತ್ತು. ಮತ್ತೆ, "ಇದು ಸ್ಟ್ಯಾಂಡರ್ಡ್ ಫಾರ್ಮ್ಯಾಟ್ ಸರ್, ಬದಲಾಯಿಸೋಕೆ ಆಗಲ್ಲ" ಅಂದ್ರೆ ಕೂಡಲೇ ಒಪ್ಪಬೇಡಿ. ತಿಂಗಳ ಕೊನೆಯಲ್ಲಿ, ಟಾರ್ಗೆಟ್ ಮುಟ್ಟೋ ಅವಸರದಲ್ಲಿ ಅದೇ ಹುಡುಗ ಮ್ಯಾನೇಜರಿಗೆ ಫೋನ್ ಮಾಡಿ ಬದಲಾಯಿಸಿಕೊಡೋ ಸಾಧ್ಯತೆ ಇದೆ. ಕೇಳೋದಕ್ಕೆ ಖರ್ಚಿಲ್ಲ.

ಕನ್ನಡದ ಒಂದು ಹಾಳೆ

ಇದಕ್ಕೆಲ್ಲ ಒಂದು ದಾರಿ ಬ್ಯಾಂಕಿನವರಿಂದ ಸಿಕ್ಕಿತು. ರಿಸರ್ವ್ ಬ್ಯಾಂಕು 2024ರ ಏಪ್ರಿಲ್‌ನಲ್ಲಿ ಹೊರಡಿಸಿದ ಸುತ್ತೋಲೆಯ ಪ್ರಕಾರ ವೈಯಕ್ತಿಕ ಸಾಲಕ್ಕೂ ಸಣ್ಣ ಉದ್ಯಮಗಳ ಅವಧಿ ಸಾಲಕ್ಕೂ "ಕೀ ಫ್ಯಾಕ್ಟ್ಸ್ ಸ್ಟೇಟ್‌ಮೆಂಟ್" ಅನ್ನೋ ಮುಖ್ಯಾಂಶಗಳ ಪಟ್ಟಿ ಕೊಡಲೇಬೇಕು, ಅದೂ ಸಾಲ ತೆಗೆದುಕೊಳ್ಳೋರಿಗೆ ಅರ್ಥ ಆಗೋ ಭಾಷೆಯಲ್ಲಿ. ಸಾಲಕ್ಕೆ ಆಗೋದಾದ್ರೆ ಸಾಫ್ಟ್‌ವೇರಿಗೆ ಯಾಕಾಗಲ್ಲ? ಕರಾರು, ಷರತ್ತು, ಮುದ್ದತು, ಬಾಕಿ, ತಕರಾರು, ಇವೆಲ್ಲ ಕನ್ನಡದ ಅಂಗಡಿಗಳಲ್ಲಿ, ಕಚೇರಿಗಳಲ್ಲಿ ಎಂದಿನಿಂದಲೂ ಓಡಾಡ್ತಿರೋ ಪದಗಳು. ಪದ ಇಲ್ಲ ಅನ್ನೋ ನೆಪ ಹೇಳೋ ಹಾಗಿಲ್ಲ.

ಸರ್ಕಾರ ಮಾಡೋ ತನಕ ಕಾಯದೆ ನಮ್ಮ ಸಂಘ ಒಂದು ಸಣ್ಣ ಕೆಲಸ ಮಾಡಬಹುದು ಅಂತ ನಮ್ಮ ಸಲಹೆ. ಮೇಲಿನ ನಾಲ್ಕು ಪ್ರಶ್ನೆ ಇರೋ ಒಂದೇ ಪುಟದ ಕನ್ನಡದ ಹಾಳೆ ಅಚ್ಚು ಹಾಕಿಸೋಣ. ಪ್ರಶ್ನೆಯ ಎದುರು ಖಾಲಿ ಜಾಗ, ಕೆಳಗೆ ಕಂಪನಿಯವರ ಸಹಿ, ಮೊಹರು. "ಇದನ್ನ ತುಂಬಿ ಕೊಡಿ, ಅಗ್ರಿಮೆಂಟಿಗೆ ಲಗತ್ತಿಸಿ, ಆಮೇಲೆ ನಾನು ಸಹಿ ಹಾಕ್ತೀನಿ" ಅಂತ ಅಂಗಡಿಯವರು ಹೇಳಲಿ. ತುಂಬೋಕೆ ಹಿಂದೇಟು ಹಾಕಿದರೆ ಅದೇ ಉತ್ತರ.

ಇನ್ನು ನಮ್ಮ ಮಟ್ಟಿಗೆ. ಇನ್ನೆರಡು ವರ್ಷಕ್ಕೆ ನಮ್ಮಲ್ಲಿ ಅರ್ಧ ಜನ ಇಂಥ ಸಾಫ್ಟ್‌ವೇರ್ ಬರೆಯೋ ಕೆಲಸಕ್ಕೇ ಸೇರಿರ್ತೀವಿ. ಎಕ್ಸ್‌ಪೋರ್ಟ್ ಬಟನ್ ಬೇಡ, ಪಿಡಿಎಫ್ ಸಾಕು ಅಂತ ಯಾರೋ ಮೀಟಿಂಗಿನಲ್ಲಿ ಹೇಳ್ತಾರೆ. ಆವತ್ತು ಒಂದು ಮಾತು ಆಡೋಕೆ ನಮಗೆ ಬಾಯಿ ಬರಬೇಕು. ಈ ಸಲದ ಇ-ಸೆಲ್ ಸ್ಪರ್ಧೆಗೆ ಅದೇ ಆ್ಯಪ್ ಮತ್ತೆ ತಗೊಂಡು ಹೋಗ್ತಿದ್ದೀವಿ. ಏಳನೇ ಸ್ಲೈಡ್ ಬದಲಾಗಿದೆ: "ಒಂದು ಬಟನ್, ನಿಮ್ಮ ಲೆಕ್ಕ ಪೂರ್ತಿ ನಿಮ್ಮ ಕೈಗೆ." ಜಡ್ಜುಗಳು ಏನಂತಾರೋ ನೋಡೋಣ.

ಚಿಕ್ಕಪ್ಪ ಉಳಿದ ತಿಂಗಳುಗಳನ್ನ ಹಳೇ ಸಾಫ್ಟ್‌ವೇರಿನಲ್ಲೇ ದೂಡ್ತಿದ್ದಾರೆ. 90 ದಿನದ ಗಡುವಿಗೆ ಒಂದು ವಾರ ಮುಂಚಿನ ದಿನಾಂಕಕ್ಕೆ ಅಂಗಡಿಯ ಕ್ಯಾಲೆಂಡರಿನಲ್ಲಿ ಕೆಂಪು ಪೆನ್ನಿನಲ್ಲಿ ದೊಡ್ಡ ಸುತ್ತು ಹಾಕಿದ್ದೀವಿ. ನೋಟಿಸ್ ಪತ್ರವನ್ನ ಈಗಲೇ ಕನ್ನಡದಲ್ಲೂ ಇಂಗ್ಲಿಷಿನಲ್ಲೂ ಬರೆದು ಗಲ್ಲಾಪೆಟ್ಟಿಗೆಯ ಕೆಳಗಿನ ಅದೇ ಫೈಲಿನಲ್ಲಿ ಇಟ್ಟಿದ್ದೀವಿ. ಸ್ಪೀಡ್ ಪೋಸ್ಟಿನಲ್ಲೂ ಮೇಲಿನಲ್ಲೂ ಕಳಿಸೋದು.

ಹಾಳೆ ಸಿದ್ಧಪಡಿಸೋಕೆ, ವಿಜಯನಗರ, ಹೊಸಹಳ್ಳಿ ಕಡೆಯ ಅಂಗಡಿಗಳಿಗೆ ಹೋಗಿ ಕೊಟ್ಟು ಬರೋಕೆ ಜನ ಬೇಕು. ಬರೋರು ಸಂಘದ ಕೋಣೆಯಲ್ಲಿ ಹೆಸರು ಬರೆಸಿ. ಬಜ್ಜಿ ಚಿಕ್ಕಪ್ಪನ ಲೆಕ್ಕಕ್ಕೆ.